ಗಾಳ ಕೇಳಿದರೆ ಹೂಳು ತೋರಿಸಿದರು

ಓಝರ್, ಸೋಮವಾರ

ಅಕ್ಕನಿಗೆ ವೈಜನಾಥನ ನಮಸ್ಕಾರ.

ನಿನ್ನೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ಕಟ್ಲಾ ಮೀನು ನನ್ನ ಕಯಾಕನ್ನು ನನ್ನ ಸಮೇತ ಎಳೆದುಕೊಂಡು ಹೋಯಿತು. ದಡದಿಂದ ನೋಡಿದ ನನ್ನಾಕೆ ಅನುರಾಧಾ ನಿನಗೆ ಫೋನಿನಲ್ಲಿ ಆಗಲೇ ವರದಿ ಒಪ್ಪಿಸಿದ್ದಾಳೆ, ಕೇಳಿ ನೀನು ಅತ್ತುಬಿಟ್ಟೆಯಂತೆ. ಕಯಾಕ್ ಎಂದರೆ ಒಬ್ಬರೇ ಕೂರುವ ಸಣ್ಣ ದೋಣಿ, ಕಾರ್ಖಾನೆಯ ಗೆಳೆಯ ಅತುಲ್‌ನದು. ನಾನು ಹುಟ್ಟು ಮುಟ್ಟದೆಯೇ ಅದು ನೀರು ಸೀಳುತ್ತ ಸಾಗಿತು. ಮೀನು ಒಮ್ಮೆ ಮೇಲೆದ್ದಾಗ ಜೋಳದ ರೊಟ್ಟಿಯಷ್ಟು ಅಗಲದ ತಲೆ ಕಂಡಿತು. ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ, ಅಕ್ಕ. ನಾವು ಮೀನು ತಿನ್ನುವವರಲ್ಲವೆಂದು ಹಿಂಮುಳ್ಳಿಲ್ಲದ ಗಾಳ ಹಾಕಿದ್ದೆ. ಅದರಿಂದ ಮೀನು ಸುಲಭವಾಗಿ ಕಳಚಿಕೊಂಡು ಹೋಯಿತು.

ಆ ಗಾಳ ಕೊಳ್ಳಲು ಹೋದಾಗ ಬಾಯಿತಪ್ಪಿ ಕನ್ನಡದಲ್ಲೇ ‘ಗಾಳ’ ಎಂದು ಕೇಳಿದ್ದಕ್ಕೆ ಅಂಗಡಿಯವನು, “ಗಾಳ ತರ್ ಧರಣಾತ ಫುಕಟ ಮಿಳತೊ, ಸಾಹೇಬ!” ಎಂದು ನಕ್ಕಿದ್ದ. ಮರಾಠಿಯಲ್ಲಿ ಗಾಳ ಎಂದರೆ ಹೂಳು; ಅಣೆಕಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದನು. ನಿನ್ನೆ ದಡಕ್ಕೆ ಇಳಿದವನು ಮೊಣಕಾಲವರೆಗೆ ಅದರಲ್ಲೇ ಹೂತುಕೊಂಡೆ.

“ಗಾಳ ತರಾಕ ಹೋದೋರು ಗಾಳದಾಗೇ ನಿಂತೀರಲ್ರೀ!” ಎಂದು ಅನುರಾಧಾ ನಕ್ಕಳು, ಆಮೇಲೆ ಅತ್ತಳು.

ಒಳ್ಳೆಯ ಗಾಳದ ಕೋಲಿಗಿಂತ ಮೊದಲು ಲೈಫ್ ಜಾಕೆಟ್ ಕೊಂಡಿದ್ದೆ, ಅದು ಮೈಮೇಲಿತ್ತು. ಆದರೂ ಈಜು ಬಾರದವನು ನೀರಿಗೆ ಇಳಿಯಬೇಡ ಎಂದು ನೀನು ಹೇಳಿದ್ದೇ ಸರಿ. ಕಲಿಯುವವರೆಗೆ ಕಯಾಕ್ ಹತ್ತುವುದಿಲ್ಲ. ಅಂಗೈ ಸುಲಿದಿದೆ, ಉಳಿದಂತೆ ಆರೋಗ್ಯ. ಅಂಚೆ ಕಾರ್ಡು ತುಂಬಿತು. ಬುಧವಾರದಿಂದ ಈಜುಕೊಳದಲ್ಲಿ ನನ್ನ ತರಗತಿ ಶುರು, ಮಕ್ಕಳ ಬ್ಯಾಚಿನಲ್ಲಿ.

ನಿನ್ನ ತಮ್ಮ