ಹಳದಿ ಡಬ್ಬಿಯ ಕ್ರೀಮ್

ಭಾನುವಾರ, ಮಧ್ಯಾಹ್ನ

ಮುದ್ದಿನ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ನೀನು ಕಳಿಸಿದ ಪಾರ್ಸೆಲ್ ಬಂದು ತುಂಬ ದಿನವಾಯಿತು. ಬಂತು ಅಂತ ಒಂದು ಮಾತೂ ಹೇಳಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಕೆಲಸದಲ್ಲಿದ್ದೇನೆ ಅಂದುಬಿಟ್ಟೆ. ಗಂಡನನ್ನು ಬಿಟ್ಟು ಹೋದವಳ ಮೇಲೆ ಅತ್ತೆಗೂ ಕೊನೆಗೆ ಸಿಟ್ಟು ಬಂತು ಅಂದುಕೊಂಡಿರುತ್ತೀಯ. ಹಾಗೇನಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ನನಗೀಗ ಅದೂ ಇಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ನುಂಗಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತೆ. ಪೂರ್ತಿ ಓದು. ಅಳುವುದಿದ್ದರೆ ಆಮೇಲೆ ಅಳು.

ಮೊದಲು ಬಿಳಿ ಡಬ್ಬಿಯ ಕ್ರೀಮಿನ ಮಾತು ಹೇಳಿಬಿಡುತ್ತೇನೆ. ನಾನು ಕಾವಲಿರುವ ಈಜುಕೊಳದ ನೀರಿಗೆ ಹಾಕುವ ಕ್ಲೋರಿನ್‌ಗೆ ನನ್ನ ಕೈಕಾಲು ಒಣಬಾಳೆಪಟ್ಟೆಯ ಹಾಗೆ ಆಗಿದ್ದನ್ನು ಕಂಡವಳು ನೀನೊಬ್ಬಳೇ. ಹೊಸ ಮದುವಣಗಿತ್ತಿ, ಒಲೆಯ ಮುಂದೆ ನಿಂತು ಜೇನುಮೇಣ ಕರಗಿಸಿ, ಕೊಬ್ಬರಿ ಎಣ್ಣೆ ಬೆರೆಸಿ, ಆರುವತನಕ ಕಡೆದು, ನನ್ನ ಹಿಮ್ಮಡಿಯ ಸೀಳುಗಳಿಗೆ ನೀನೇ ಹಚ್ಚಿದ್ದೆ. ನಾಚಿಕೆಯಿಂದ ನಾನು ಕಾಲು ಎಳೆದುಕೊಂಡರೆ ಗದರಿಸಿದ್ದೆ. ಇವತ್ತಿಗೂ ಸ್ನಾನ ಮುಗಿಸಿ, ಮೈ ಪೂರ್ತಿ ಒಣಗುವ ಮೊದಲೇ ಅದನ್ನು ಹಚ್ಚಿಕೊಳ್ಳುತ್ತೇನೆ, ನೀನು ಹೇಳಿಕೊಟ್ಟ ಹಾಗೇ. ಸೀಳುಗಳು ಮತ್ತೆ ಬಾಯಿಬಿಟ್ಟಿಲ್ಲ. ಆ ಕ್ರೀಮಿನಲ್ಲಿ ಯಾರೂ ಕೊಂಕು ತೆಗೆಯುವ ಹಾಗಿಲ್ಲ.

ಅಡುಗೆಮನೆಯನ್ನು ಔಷಧಿ ಅಂಗಡಿ ಮಾಡಿದ್ದೀಯ ಅಂತ ನನ್ನ ಮಗ ಕ್ರೀಮಿನ ಬಿಸಿ ಪಾತ್ರೆಯನ್ನು ಮೋರಿಗೆ ಸುರಿದ ದಿನ ನೀನು ಹೊರಟೆ. ಬೇರೆ ಊರಲ್ಲಿ ಎರಡು ಕೋಣೆ ಹಿಡಿದು, ಅದೇ ಕ್ರೀಮಿನಿಂದ ಹೊಟ್ಟೆ ಹೊರೆದುಕೊಂಡೆ. ನನಗೆ ಒಳಗೊಳಗೇ ಹೆಮ್ಮೆ. ಹಾಗಾಗಿ ಈ ಬೇಸಿಗೆಗೆ ಮೊದಲು ಹಳದಿ ಡಬ್ಬಿಗಳು ಬಂದಾಗ, ಮೇಲೆ ‘ಬಿಸಿಲಿಗೆ ಕವಚ, ಪೂರ್ತಿ ನೈಸರ್ಗಿಕ’ ಅಂತ ನೀನು ಅಚ್ಚು ಹಾಕಿಸಿದ್ದನ್ನು ಕಂಡು ಕುಣಿದಾಡುವುದೊಂದು ಬಾಕಿ. ಕ್ಯಾರೆಟ್ ಬೀಜದ ಎಣ್ಣೆ, ಎಳ್ಳೆಣ್ಣೆ, ಲೋಳೆಸರ. ಎಷ್ಟು ಘಮ! ಯಾರೂ ಮುಳುಗದಂತೆ ಕಾಯುತ್ತ, ಕೊಳದ ಪಕ್ಕದ ಆ ಎತ್ತರದ ಕುರ್ಚಿಯ ಮೇಲೆ ಸೀಟಿ ಕಚ್ಚಿಕೊಂಡು ದಿನವಿಡೀ ಕೂರುವವಳು ನಾನು. ಮೇಲಿನಿಂದ ಬಿಸಿಲು, ಕೆಳಗೆ ನೀರಿನಿಂದ ಚಿಮ್ಮುವ ಬಿಸಿಲು. ತಲೆ ಬೇಯಿಸುವ ಆ ದೊಡ್ಡ ಟೋಪಿಯನ್ನೂ ಉದ್ದ ತೋಳಿನ ಅಂಗಿಯನ್ನೂ ತೆಗೆದು ಮೂಲೆಗೆ ಹಾಕಿದೆ. ಸೊಸೆ ಕವಚ ಕಳಿಸಿದ್ದಾಳೆ, ಇನ್ನೇಕೆ ಇವೆಲ್ಲ?

ಸುಮ್ಮನಿರದೆ ಒಂದು ಡಬ್ಬಿಯನ್ನು ಈಜು ಕಲಿಸುವ ಮೇಡಂಗೂ ಕೊಟ್ಟೆ. ಅವಳಿಗೊಬ್ಬಳು ಪುಟ್ಟ ಮಗಳು, ನೀರಿಗಿಳಿದರೆ ಮೀನು. ಶಾಲೆಗೆ ರಜೆ ಇದ್ದುದರಿಂದ ಆ ಮಗು ಬೆಳಗಿನಿಂದ ಕೊಳದಲ್ಲೇ ಇತ್ತು. ಮೇಡಂ ಅದರ ಬೆನ್ನಿಗೆ, ಭುಜಕ್ಕೆ ಬಳಿದಿದ್ದೇ ಬಳಿದಿದ್ದು. ಸಂಜೆಗೆ ಬೆನ್ನು ಕೆಂಡದ ಬಣ್ಣ. ಮಾರನೆಯ ದಿನ ಬೊಬ್ಬೆಗಳು. ಮಗು ಅಂಗಿ ತೊಡಲಾರದೆ, ಅಂಗಾತ ಮಲಗಲಾರದೆ ಬೋರಲಾಗಿ ಬಿದ್ದುಕೊಂಡು ಅತ್ತಿತಂತೆ.

ಮೇಡಂ ಬಂದವಳು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

“ಸೀಟಿ ಅಜ್ಜಿ, ನಿಮ್ಮನ್ನ ನಂಬಿ ಹಚ್ಚಿದೆ. ಎಲ್ಲಿಂದ ತಂದ್ರಿ ಇದನ್ನ?” ಅಂದಳು.

“ನಾನೇ ಮನೇಲಿ ಮಾಡಿದ್ದು” ಅಂದೆ. ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಚೀಟಿ ಕಣ್ಣಿಗೆ ರಾಚುತ್ತಿತ್ತು. ಅವಳು ಚೀಟಿ ಬಿಟ್ಟು ನನ್ನ ಮುಖವನ್ನು ದಿಟ್ಟಿಸಿದಳು. ಆಮೇಲೆ, “ನಿಮ್ಮ ಮೂಗಿನ ಪಕ್ಕ ಅದೇನು ಗಾಯ? ಹೋದ ತಿಂಗಳೂ ಹಾಗೇ ಇತ್ತಲ್ಲ?” ಅಂತ ಕೇಳಿದಳು. ಕನ್ನಡಕ ಒತ್ತಿದ್ದು ಅಂದೆ. “ಮಗೂನ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದೀನಿ, ನೀವೂ ಬನ್ನಿ” ಅಂದಳು. ಅಷ್ಟು ಕೋಪದಲ್ಲೂ ನನ್ನ ಕೈ ಹಿಡಿದೇ ಆಟೋ ಹತ್ತಿಸಿದಳು. ಅವಳ ಋಣ ಹೇಗೆ ತೀರಿಸಲಿ ಹೇಳು.

ಡಾಕ್ಟರಮ್ಮ ಮಗುವಿಗೆ ಔಷಧಿ ಬರೆದುಕೊಟ್ಟರು, ವಾಸಿಯಾಗುತ್ತದೆ ಅಂದರು. ಈಗ ಸಿಪ್ಪೆ ಎದ್ದು ಹೊಸ ಚರ್ಮ ಬಂದಿದೆ, ಮಗು ಅಂಗಿ ತೊಟ್ಟು ಓಡಾಡುತ್ತಿದೆ, ನೀನು ಗಾಬರಿಯಾಗಬೇಡ. ನನ್ನ ಕೈಚೀಲದಲ್ಲಿ ಎರಡೂ ಡಬ್ಬಿಗಳಿದ್ದವು. ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಬಿಳಿಯದನ್ನು ಬೆರಳಿಗೆ ಹಚ್ಚಿ ನೋಡಿ, “ಇದು ಒಳ್ಳೇದೇ, ಬಿಡಬೇಡಿ” ಅಂದರು. ಹಳದಿಯದನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

“ಅಮ್ಮಾ, ಎಣ್ಣೆ ಚರ್ಮದ ಪಸೆ ಕಾಪಾಡತ್ತೆ. ಬಿಸಿಲನ್ನ ತಡೆಯಲ್ಲ. ಗಿಡದಿಂದ ಬಂದಿದ್ದು ಅಂದ ಮಾತ್ರಕ್ಕೆ ಸೂರ್ಯ ಸುಮ್ನಿರ್ತಾನಾ?”

ನಾನು ನಿನ್ನ ಪರ ವಾದಕ್ಕಿಳಿದೆ, ಬಿಟ್ಟೇನೇ? ಅದಕ್ಕೆ ಬಿಸಿಲು ತಡೆಯುವ ಸತುವಿನ ಪುಡಿ ಸೇರಿಸಿದರೆ ಆಗುವುದಿಲ್ಲವೇ ಅಂದೆ. ನೀನು ಒಮ್ಮೆ ಹೇಳಿದ್ದು ನೆನಪಿತ್ತು. ಮನೆಯಲ್ಲಿ ಕಲಸಿದರೆ ಅದು ಒಂದು ಕಡೆ ಗಂಟು, ಒಂದು ಕಡೆ ಖಾಲಿ ಆಗುತ್ತದಂತೆ. ಎಷ್ಟು ತಡೆಯುತ್ತದೆ ಅಂತ ಪ್ರಯೋಗಾಲಯದಲ್ಲಿ ಅಳೆಯದೆ ಯಾರೂ ಹೇಳಲಾರರಂತೆ. ಅಳೆದದ್ದನ್ನು ಹಚ್ಚಿದರೂ ಬೆವರು, ನೀರು ತಾಗಿದ ಮೇಲೆ ಮತ್ತೆ ಹಚ್ಚಬೇಕು, ಟೋಪಿ ಬೇಕು, ತೋಳಿನ ಅಂಗಿ ಬೇಕು, ನೆರಳು ಬೇಕು. ಮೂಲೆಗೆ ಎಸೆದದ್ದನ್ನೆಲ್ಲ ಮತ್ತೆ ಎತ್ತಿಕೊಂಡೆ.

ನನ್ನ ಮೂಗಿನ ಗಾಯದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ನಿನ್ನ ಕ್ರೀಮಿನಿಂದ ಆದದ್ದಲ್ಲ ಅಂತ ನಾನೇ ಬಾಯಿಬಿಟ್ಟು ಕೇಳಿ ಖಾತ್ರಿ ಮಾಡಿಕೊಂಡೆ. ಒಂದು ಬೇಸಿಗೆಯಲ್ಲಿ ಬರುವಂಥದ್ದಲ್ಲ, ಆ ಕುರ್ಚಿಯ ಮೇಲೆ ಕಳೆದ ಅಷ್ಟೂ ವರ್ಷಗಳ ಬಿಸಿಲು ಅಂದರು. ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಅದು ಅತ್ಲಾಗಿರಲಿ.

ನಿನ್ನ ಗಂಡನಿಗೆ ಮಗುವಿನ ಸುದ್ದಿ ಹೇಗೋ ಗೊತ್ತಾಯಿತು. “ಆ ಡಬ್ಬಿ ಕೊಡಮ್ಮ, ಫೋಟೋ ತೆಗೆದು ಊರಿಗೆಲ್ಲ ಕಳಿಸ್ತೀನಿ. ಅವಳ ವ್ಯಾಪಾರ ಹೇಗೆ ನಡೆಯತ್ತೋ ನೋಡೋಣ” ಅಂದ. ಅವನ ಕಣ್ಣಲ್ಲಿ ಆ ಮಗುವಿನ ಮೇಲಿನ ಕನಿಕರ ಸಾಸಿವೆಯಷ್ಟೂ ಕಾಣಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಅವಳಿಗೆ ಹೇಳೋದನ್ನ ನಾನು ಹೇಳ್ತೀನಿ. ನೀನು ಬಾಯಿ ತೆಗೀಬೇಡ” ಅಂದೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ತಟ್ಟೆ ಇಟ್ಟರೆ ಬಂದು ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ನನಗೂ ಸಾಕಾಗಿದೆ, ಇಬ್ಬರ ನಡುವೆ ಗೋಡೆಯಾಗಿ ನಿಂತು ನಿಂತು.

ಈಗ ಹೇಳಬೇಕಾದದ್ದು. ಹಳದಿ ಡಬ್ಬಿ ನಿಲ್ಲಿಸಿಬಿಡು. ಕೊಂಡವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ, ಇದನ್ನು ನಂಬಿ ಬಿಸಿಲಿಗೆ ಹೋಗಬೇಡಿ ಅಂತ ಹೇಳು. ಮಕ್ಕಳಿರುವ ಮನೆಗೆ ಮೊದಲು ಮಾಡು. ಬೈಯುತ್ತಾರೆ, ಬೈಸಿಕೋ. ಅಂಗಡಿಯವರು ಕೇಳುವುದು ಹಳದಿಯನ್ನೇ, ಬಿಳಿಯದಕ್ಕೆ ಅಷ್ಟು ಗಿರಾಕಿಯಿಲ್ಲ ಅಂತ ನೀನೇ ಹೇಳಿದ್ದೆ. ಬಾಡಿಗೆ, ಊಟ ಎಲ್ಲ ಅದರ ಮೇಲೇ ನಿಂತಿದೆ ಅಂತ ನನಗೆ ಗೊತ್ತಿಲ್ಲವೇ? ಗೊತ್ತಿದ್ದೇ ಇಷ್ಟು ದಿನ ಫೋನ್ ಎತ್ತಿ ಕೆಲಸದ ನೆಪ ಹೇಳಿ ಇಟ್ಟುಬಿಟ್ಟೆ. ಆದರೆ ಬೋರಲು ಮಲಗಿದ ಆ ಮಗುವನ್ನು ನೀನು ನೋಡಿದ್ದರೆ ನಾನು ಹೇಳುವ ತನಕ ಕಾಯುತ್ತಿರಲಿಲ್ಲ. ನಿನ್ನನ್ನು ಅಷ್ಟಾದರೂ ಬಲ್ಲೆ.

ಬಿಳಿಯದನ್ನು ಮಾತ್ರ ಬಿಡಬೇಡ. ಇಲ್ಲಿ ಕೊಳ ಶುಚಿ ಮಾಡುವ ಹೆಂಗಸರೆಲ್ಲ ಕೈ ಒಡೆದುಕೊಂಡೇ ಇದ್ದಾರೆ. ಅವರಿಗೆ ನಾನೇ ಹಚ್ಚಿ ತೋರಿಸುತ್ತೇನೆ.

ಕೈ ಸೋತಿದೆ. ಇಲ್ಲಿಗೆ ಸಾಕು.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೂಗಿನ ಗಾಯದ ಪರೀಕ್ಷೆಯ ಫಲಿತಾಂಶ ಬಂತು. ಕ್ಯಾನ್ಸರೇ ಅಂತೆ. ಬೇರೆಡೆ ಹರಡುವುದು ತೀರ ಅಪರೂಪ, ಅಂಥ ಜಾತಿಯದು, ಹೆದರಬೇಡಿ ಅಂದಿದ್ದಾರೆ. ಬರುವ ಶುಕ್ರವಾರ ಅದನ್ನು ಕೊಯ್ದು, ಕಿವಿಯ ಹಿಂದಿನಿಂದ ಚರ್ಮ ತೆಗೆದು ಮೂಗಿಗೆ ಹೊಲಿಯುತ್ತಾರಂತೆ. ನಿನ್ನ ಗಂಡನಿಗೆ ಹೇಳಿಲ್ಲ. ಜೊತೆಗೆ ಯಾರಿರುತ್ತಾರೆ ಅಂತ ನರ್ಸಮ್ಮ ಕೇಳಿದಾಗ, ಮಗಳು ಬರ್ತಾಳೆ ಅಂದುಬಿಟ್ಟೆ. ನಂಬರ್ ಕೇಳಿದರು. ನಿನ್ನದೇ ಕೊಟ್ಟಿದ್ದೇನೆ. ಅವರು ಫೋನ್ ಮಾಡಿದರೆ ರಾಂಗ್ ನಂಬರ್ ಅನ್ನಬೇಡ.