ಐದು ಗೇಣಿನ ಮೀನು

ಜೇವರ್ಗಿ, ಭಾನುವಾರ

ಕಲ್ಯಾಣಕುಮಾರನಿಗೆ,

ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ ನಿನ್ನ ಲೇಖನ ಓದಿದೆ. ನೀನು, ದಿಲೀಪ, ನಾನು ಕಾರವಾರದಿಂದ ಗೋಕರ್ಣಕ್ಕೆ ಹಾಯಿದೋಣಿಯಲ್ಲಿ ಹೋದದ್ದು, ದಾರಿಯುದ್ದಕ್ಕೂ ಪಂದ್ಯ ಕಟ್ಟಿ ಗಾಳ ಹಾಕಿದ್ದು, ಗಾಳಿ ನಿಂತಾಗ ಹಾಯಿಯ ನೆರಳಿಗೆ ಕೂತು ಮನೆಯಿಂದ ಒಯ್ದ ಖಡಕ್ ರೊಟ್ಟಿ ಮುರಿದದ್ದು, ಎಲ್ಲ ಚೆನ್ನಾಗಿ ಬರೆದಿದ್ದೀ. ಆದರೆ ದೊಡ್ಡ ಮೀನು ಹಿಡಿದವನು ನೀನೇ ಎಂದು ಅಚ್ಚು ಹಾಕಿಸಲು ನಾಚಿಕೆಯಾಗಲಿಲ್ಲವೇ? ಇಪ್ಪತ್ತೆಂಟು ವರ್ಷವಾದರೂ ನಾನು ಮರೆತಿಲ್ಲ. ನೀನು ನಿನ್ನ ಮೀನನ್ನು ನಿನ್ನ ಸಣ್ಣ ಕೈಯಿಂದ ಅಳೆದು ಐದು ಗೇಣು ಎಂದೆ. ದಿಲೀಪನದನ್ನು ಅವನ ಮೊರದಂಥ ಕೈಯಿಂದಲೇ ಅಳೆಸಿ ನಾಲ್ಕೂವರೆ ಎಂದೆ. "ಲೇ ಕಲ್ಯಾಣಿ, ನಿನ್ನ ಗೇಣಿಲೆ ಅಳದರ ನಂದು ಆರು ಆಗ್ತದಲೇ!" ಎಂದು ಅವನು ಗೋಕರ್ಣದವರೆಗೂ ಕೂಗಾಡಿದ.

ತಿದ್ದುಪಡಿ ಕೇಳಿ ಬರೆಯುವವನಿದ್ದೆ. ಅಷ್ಟರಲ್ಲಿ ಮೊನ್ನೆ ಆಳಂದಕ್ಕೆ ಹೋಗಿ ದಿಲೀಪನಿಗೆ ನಿನ್ನ ಲೇಖನ ಓದಿ ಹೇಳಿದೆ. ಲಕ್ವಾ ಹೊಡೆದ ಮೇಲೆ ನಾಲ್ಕು ತಿಂಗಳಿಂದ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ನೀನು ಗೆದ್ದೆ ಎನ್ನುವ ಸಾಲಿಗೆ ಬಂದಾಗ ಅವನು ಎಡಗೈ ಎತ್ತಿ, "ಸುಳ್ಳ!" ಎಂದ. ಅವನ ಹೆಂಡತಿ ಮಹಾನಂದಾ ವೈನಿ ಅಡುಗೆಮನೆಯಿಂದ ಓಡಿ ಬಂದು, "ಇನ್ನೊಮ್ಮೆ ಓದ್ರಿ, ಅಣ್ಣಾರ" ಎಂದರು.

ಹಾಗಾಗಿ ತಿದ್ದುಪಡಿ ಬೇಡ. ಈ ಪತ್ರ ಕೈಸೇರಿದ ಮರುದಿನವೇ ಅಫಜಲಪುರದಿಂದ ಬೆಳಗಿನ ಬಸ್ಸಿಗೆ ಆಳಂದಕ್ಕೆ ಬಾ. ಅವನ ಮಂಚದ ಪಕ್ಕ ಕೂತು, ನೀನೇ ಗೆದ್ದೆ ಎಂದು ಎದೆ ತಟ್ಟಿ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ. ಜಗಳ ಅವನೇ ಆಡಲಿ.

ನಿನ್ನ,
ಭಗವಂತ