ಗುಂಡು ಗೋಪುರಕ್ಕೆ ಮೆತ್ತಿದ ಸಿಮೆಂಟು

ಥಾರ್ನ್‌ಬೆಕ್, ನಾರ್ಫೋಕ್
3 ಮಾರ್ಚ್ 1994

ಹಟಮಾರಿ ಕ್ಲೆಮೆಂಟ್‌ಗೆ,

ನಿನ್ನ ತಂಗಿಯ ಮನೆಯಲ್ಲಿ ಕೂತು ಆರು ವರ್ಷ ಸಮುದ್ರ ನೋಡಿದ್ದು ಸಾಕು. ಮಂಗಳವಾರ ಹತ್ತು ಗಂಟೆಗೆ ನೀನು ನಮ್ಮ ಸೇಂಟ್ ಬೊಟಾಲ್ಫ್ ಚರ್ಚಿನ ಮುಂದೆ ಕರಣೆ ಹಿಡಿದು ನಿಂತಿರಬೇಕು. ಬರುತ್ತೀಯ, ನನಗೆ ಗೊತ್ತು.

ಈಗ ಅದು ಚರ್ಚಲ್ಲ ಬಿಡು. ಬಿಷಪ್ ಸಹಿ ಹಾಕಿ ಮುಚ್ಚಿಸಿದ ಮೇಲೆ ಗಂಟೆಗಳನ್ನೂ ಪಕ್ಕದೂರಿಗೆ ಒಯ್ದರು. ಬೀಗದ ಕೈ ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ವಾರಕ್ಕೊಮ್ಮೆ ಬಾವಲಿ ಹಿಕ್ಕೆ ಗುಡಿಸುತ್ತೇನೆ. ಈಗ ಹಳೇ ಕಟ್ಟಡಗಳ ಟ್ರಸ್ಟೊಂದು ಅದನ್ನು ವಹಿಸಿಕೊಂಡಿದೆ. ಅವರ ಎಂಜಿನಿಯರ್ ಮಿಸ್ ಲಾರ್ಟರ್ ಗೋಪುರವನ್ನು ಬಡಿದು ನೋಡಿ, "ಒಳಗೆಲ್ಲಾ ನೀರು ಕುಡಿದು ಉಬ್ಬಿದೆ ಕಣ್ರೀ, ಮೇಲಿನ ಅರ್ಧ ಇಳಿಸಲೇಬೇಕು" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಒಂಬೈನೂರು ವರ್ಷ ನಿಂತಿದ್ದನ್ನ ಒಂದು ಬೆಳಿಗ್ಗೆ ನೋಡಿ ಇಳಿಸಿಬಿಡ್ತೀರಾ? ನನ್ನ ಗಂಡ ಬರ್ಲಿ, ತಾಳಿ" ಎಂದೆ.

"ಸಿಮೆಂಟು ಕಿತ್ತು ಸುಣ್ಣ ತುಂಬೋರು ಇದ್ರೆ ಕರ್ಕೊಂಡು ಬನ್ನಿ. ಮಂಗಳವಾರದ ತನಕ ಕಾಯ್ತೀನಿ" ಎಂದಳು.

ಮೂಲೆಗೆ ಇಡಲು ಚೌಕ ಕಲ್ಲು ಸಿಗದ ಸೀಮೆಯಲ್ಲಿ ಮೂಲೆಯೇ ಇಲ್ಲದ ಗುಂಡು ಗೋಪುರ ಕಟ್ಟಿದ ಜನ ಆ ಕಾಲದವರು. ಒಂದೊಂದು ಬೇಸಿಗೆಗೆ ಚಕಮಕಿ ಕಲ್ಲನ್ನು ಸ್ವಲ್ಪಸ್ವಲ್ಪವೇ ಏರಿಸಿ, ಸುಣ್ಣದ ಗಾರೆ ಬಿಗಿಯಲೆಂದು ಮುಂದಿನ ಬೇಸಿಗೆಗೆ ಕಾದರು. ಚರ್ಚಿನ ಉಸ್ತುವಾರಿ ಹೊತ್ತ ವಾರ್ಡನ್ ಆಗಿದ್ದ ನನಗೋ ಸುಗ್ಗಿಯ ಪ್ರಾರ್ಥನೆಯೊಳಗೆ ದುರಸ್ತಿ ಮುಗಿಯಬೇಕಿತ್ತು. ಆಮೇಲಿನದು ಇಬ್ಬರಿಗೂ ಗೊತ್ತು. ನೀನು ಹದಿನೈದೇ ದಿನದಲ್ಲಿ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದೆ. ಒಳಹೊಕ್ಕ ನೀರಿಗೆ ಹೊರಗೆ ಬರಲು ದಾರಿಯಿಲ್ಲದೆ ಗೋಡೆ ಬಿರಿಯಿತು. "ಗೋಪುರ ಕೆಡಿಸಿದವ" ಅಂತ ಊರು ಆಡಿಕೊಂಡಿತು. ಯಾರೂ ಕೆಲಸ ಕೊಡದೆ ನೀನು ಹೊರಟುಹೋದೆ.

ಆದರೂ ಈ ಜಿಲ್ಲೆಯಲ್ಲಿ ನಿನ್ನಷ್ಟು ಸುಣ್ಣ ಬಲ್ಲವರಿಲ್ಲ. ನೀನು ಮುಟ್ಟಿದರೆ ಗೋಪುರ ಉಳಿಯುತ್ತದೆ. ಕುರಿಮಾಂಸದ ಸಾರು ಮಾಡಿಟ್ಟಿರುತ್ತೇನೆ, ತಡ ಮಾಡಬೇಡ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಹೆಸ್ಟರ್

ತಾ.ಕ.: ಎರಡು ಬೇಸಿಗೆ ಕೊಡು, ಸುಣ್ಣದಲ್ಲೇ ಮಾಡುತ್ತೇನೆ ಎಂದು ಅಂಗಲಾಚಿದವನು ನೀನು. ಸಿಮೆಂಟೇ ಆಗಬೇಕೆಂದು ಹಟ ಹಿಡಿದವಳು ನಾನು. ಊರು ನಿನ್ನನ್ನು ಬೈಯುವಾಗ ನಾನು ತುಟಿ ಬಿಚ್ಚಲಿಲ್ಲ. ನೀನೂ ನನ್ನ ಹೆಸರು ಹೇಳಲಿಲ್ಲ. ನಿನ್ನೆ ಊರ ಸಭೆಯಲ್ಲಿ ನಾನೇ ಎದ್ದು ನಿಂತು ಎಲ್ಲರೆದುರು ಅದನ್ನು ಹೇಳಿದೆ. ಬೇಕರಿಯ ಮೇವಿಸ್ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಬಿಡಲಿ. ಮಂಗಳವಾರ ನೀನು ಬಾರದೆ ಗೋಪುರ ಬಿದ್ದೇ ಹೋದರೂ, ಕ್ಲೆಮ್, ಅದನ್ನು ಕೆಡವಿದ್ದು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು.